ತಿಂಗಳು ಕೇಳಬೇಡ, ತುಂಡು ಕೇಳು

"ಅಕ್ಕಾರೆ, ಅಪಲಾಚಿಯನ್ ಟ್ರೇಲ್ ನಡೆಯಾಕೆ ಯಾವ ತಿಂಗಳು ಚಲೋ?" ಬೇಲಿಯಾಚೆಯಿಂದ ಪಕ್ಕದ ಮನೆಯ ಹುಡುಗ ಕೇಳಿದ. ದಾವಣಗೆರೆಯವನು. ನ್ಯೂಜೆರ್ಸಿಗೆ ಬಂದು ಇನ್ನೂ ಬಹಳ ವರ್ಷವಾಗಿಲ್ಲ. ಆಫೀಸಿನಲ್ಲಿ ಕೊಡುವ ರಜೆಯ ಮುಕ್ಕಾಲು ಪಾಲು ಊರಿಗೆ ಹೋಗಿಬರುವುದಕ್ಕೇ ಸರಿಹೋಗುತ್ತದೆ. ಉಳಿದದ್ದರಲ್ಲಿ ಈ ದಾರಿಯನ್ನು ವರ್ಷಕ್ಕೊಂದಿಷ್ಟರಂತೆ ನಡೆದು ಮುಗಿಸಬೇಕೆಂಬ ಆಸೆ ಹುಟ್ಟಿದೆ ಅವನಿಗೆ. ಒಳ್ಳೆಯ ಆಸೆ. ಗಿಡಕ್ಕೆ ಬಿಡುತ್ತಿದ್ದ ನೀರು ನಿಲ್ಲಿಸಿ ಬೇಲಿಯ ಹತ್ತಿರ ಹೋದೆ. ಈ ವಿಷಯ ಬಂದರೆ ನನಗೆ ಹೊತ್ತಿನ ಪರಿವೆ ಇರುವುದಿಲ್ಲ.

"ತಿಂಗಳು ಕೇಳಬೇಡ ಮಾರಾಯ. ನಿನಗೆ ರಜೆ ಸಿಗೋ ತಿಂಗಳು ಯಾವುದು ಹೇಳು. ಆ ತಿಂಗಳಿಗೆ ಹೊಂದೋ ತುಂಡು ಯಾವುದು ಅಂತ ನಾ ಹೇಳ್ತೀನಿ" ಅಂದೆ.

ಯಾಕೆಂದರೆ ಇದು ಒಂದೇ ಹವೆಯ ದಾರಿಯಲ್ಲ. ದಕ್ಷಿಣದಲ್ಲಿ ಜಾರ್ಜಿಯಾದ ಸ್ಪ್ರಿಂಗರ್ ಬೆಟ್ಟದಿಂದ ಹೊರಟು ಉತ್ತರದಲ್ಲಿ ಮೇನ್ ರಾಜ್ಯದ ಕಟಾಡಿನ್ ಶಿಖರ ಮುಟ್ಟುವಷ್ಟರಲ್ಲಿ ಸುಮಾರು 2,190 ಮೈಲಿ, ನಮ್ಮ ಲೆಕ್ಕದಲ್ಲಿ 3,500 ಕಿಲೋಮೀಟರ್, ಆಗುತ್ತದೆ. ನಡುವೆ 14 ರಾಜ್ಯಗಳು. ಜಾರ್ಜಿಯಾದ ಕಣಿವೆಗಳಲ್ಲಿ ಮರ ಚಿಗುರುವ ಹೊತ್ತಿಗೆ ಮೇನ್‌ನ ಕಾಡಿನಲ್ಲಿ ಮಂಡಿಮಟ್ಟ ಹಿಮ ಇರುತ್ತದೆ. ಉತ್ತರ-ದಕ್ಷಿಣದ ಲೆಕ್ಕ ಇಷ್ಟಾದರೆ ಏರು-ತಗ್ಗಿನ ಲೆಕ್ಕ ಬೇರೆ. ಗ್ರೇಟ್ ಸ್ಮೋಕಿ ಬೆಟ್ಟಗಳಲ್ಲಿ ಟ್ರೇಲ್ ಕುವೋಹಿ ಶಿಖರದ ಮೇಲೆ ಹಾಯುತ್ತದೆ. 6,643 ಅಡಿ ಎತ್ತರದ ಈ ಶಿಖರವೇ ಇಡೀ ದಾರಿಗೆ ದೊಡ್ಡದು. 2024ರವರೆಗೆ ಕ್ಲಿಂಗ್‌ಮನ್ಸ್ ಡೋಮ್ ಎಂದು ಕರೆಯುತ್ತಿದ್ದ ಅದಕ್ಕೆ ಈಗ ಚೆರೋಕಿ ಜನ ಇಟ್ಟ ಹಳೆಯ ಹೆಸರನ್ನೇ ಮರಳಿ ಕೊಟ್ಟಿದ್ದಾರೆ. ನ್ಯೂಯಾರ್ಕಿನ ಬೇರ್ ಮೌಂಟನ್ ಬಳಿ ಬಂದರೆ ಇದೇ ದಾರಿ 124 ಅಡಿಗೆ ಇಳಿಯುತ್ತದೆ. ಸಾವಿರ ಅಡಿ ಹತ್ತಿದರೆ ಮೂರೂವರೆ ಡಿಗ್ರಿ ಫ್ಯಾರನ್‌ಹೀಟ್ ಕಡಿಮೆ ಎಂದು ಇಟ್ಟುಕೊಂಡರೂ ಸಾಕು, ಏಪ್ರಿಲ್‌ನಲ್ಲಿ ದಕ್ಷಿಣದ ಸ್ಮೋಕಿಯ ನೆತ್ತಿ ನಮ್ಮ ನ್ಯೂಜೆರ್ಸಿಗಿಂತ ಎಷ್ಟೋ ಚಳಿ ಎಂಬುದು ಗೊತ್ತಾಗುತ್ತದೆ. ಅಲ್ಲಿ ಆ ತಿಂಗಳಲ್ಲೂ ಹಿಮ ಬೀಳುತ್ತದೆ. ದಕ್ಷಿಣ ಎಂದರೆ ಬೆಚ್ಚಗಿರುತ್ತದೆ ಎಂದು ನಂಬಿ ತೆಳ್ಳನೆಯ ಹೊದಿಕೆ ಹೊತ್ತುಕೊಂಡು ಹೋಗುವವರು ರಾತ್ರಿಯೆಲ್ಲ ನಡುಗುತ್ತಾರೆ.

ಹುಡುಗ ಸ್ವಲ್ಪ ಹೊತ್ತು ಸುಮ್ಮನಿದ್ದು, "ಆದ್ರೂ ಅಕ್ಕಾರೆ, ಒಂದೇ ಏಟಿಗೆ ಎಲ್ಲಾ ನಡೆದೋರೇ ಖರೇ ಹೈಕರ್ ಅಲ್ವ? ನಮ್ದು ಚಿಲ್ಲರೆ ನಡಿಗೆ" ಅಂದ.

ಈ ಮಾತು ಯಾರ ಬಾಯಲ್ಲಿ ಬಂದರೂ ನಾನು ಒಪ್ಪುವುದಿಲ್ಲ. ಬೆಂಟನ್ ಮಕಾಯ್ ಎಂಬಾತ ಈ ದಾರಿಯ ಕಲ್ಪನೆ ಮುಂದಿಟ್ಟದ್ದು 1921ರಲ್ಲಿ. ಕಾಡು ಕಡಿದು, ಗುರುತು ಹಾಕಿ, ಒಂದು ತುದಿಯಿಂದ ಇನ್ನೊಂದು ತುದಿಗೆ ಕೂಡಿಸಿದ್ದು 1937ರಲ್ಲಿ. ಅದಕ್ಕೂ ಒಂದು ವರ್ಷ ಮೊದಲೇ, 1936ರಲ್ಲಿ, ಇಡೀ ದಾರಿ ನಡೆದು ಮುಗಿಸಿದವರು ಮೈರನ್ ಏವರಿ. ದಾರಿ ಅಳೆಯುವ ಚಕ್ರ ತಳ್ಳಿಕೊಂಡು, ಬಿಡುವಾದಾಗಲೆಲ್ಲ ಹೋಗಿ, ತುಂಡುತುಂಡಾಗಿ ನಡೆದರು ಅವರು. ಒಂದೇ ಋತುವಿನಲ್ಲಿ ಪೂರ್ತಿ ನಡೆದೆನೆಂದು ಅರ್ಲ್ ಶಾಫರ್ ಹೇಳಿದ್ದು 1948ರಲ್ಲಿ, ಹನ್ನೆರಡು ವರ್ಷ ಆದಮೇಲೆ. ಎಮ್ಮಾ ಗೇಟ್‌ವುಡ್ ಅಜ್ಜಿಯ ವಿಷಯ ಎಲ್ಲರಿಗೂ ಗೊತ್ತು. 1955ರಲ್ಲಿ, 67ರ ವಯಸ್ಸಿನಲ್ಲಿ, ಕ್ಯಾನ್ವಾಸ್ ಬೂಟು ಹಾಕಿಕೊಂಡು, ಕೈಯಲ್ಲಿ ಹೊಲಿದ ಚೀಲ ಹೆಗಲಿಗೇರಿಸಿ ಒಬ್ಬಳೇ ನಡೆದ ಗಟ್ಟಿಗಿತ್ತಿ. ಆಕೆ ಮೂರನೆಯ ಸಲ ಇದೇ ದಾರಿಯನ್ನು ಮುಗಿಸಿದ್ದು 1964ರಲ್ಲಿ, ಅದೂ ತುಂಡುತುಂಡಾಗಿ. ದಾರಿ ನೋಡಿಕೊಳ್ಳುವ ಅಪಲಾಚಿಯನ್ ಟ್ರೇಲ್ ಕನ್ಸರ್ವೆನ್ಸಿಯವರು ಪಟ್ಟಿಗೆ ಹೆಸರು ಸೇರಿಸುವಾಗ ನೀವು ಆರು ತಿಂಗಳಲ್ಲಿ ನಡೆದಿರೋ ಇಪ್ಪತ್ತು ವರ್ಷದಲ್ಲಿ ನಡೆದಿರೋ ಎಂದು ಭೇದ ಮಾಡುವುದಿಲ್ಲ.

ಒಂದೇ ಸಲಕ್ಕೆ ನಡೆಯುವವರಿಗೆ ಇಲ್ಲದ ಭಾಗ್ಯ ನಮಗಿದೆ ಎಂದೂ ಅವನಿಗೆ ಹೇಳಿದೆ. ಅವರು ಮಾರ್ಚ್‌ನಲ್ಲೋ ಏಪ್ರಿಲ್‌ನಲ್ಲೋ ಜಾರ್ಜಿಯಾ ಬಿಟ್ಟರೆ ಅಕ್ಟೋಬರ್ ನಡುವಿನ ಒಳಗೆ ಕಟಾಡಿನ್ ಮುಟ್ಟಲೇಬೇಕು. ನಡುವೆ ಯಾವ ಊರಿಗೆ ಯಾವ ಹವೆ ಬರುತ್ತದೋ ಅದನ್ನು ಸಹಿಸಬೇಕು. ಪೆನ್ಸಿಲ್ವೇನಿಯಾದ ಕಲ್ಲುದಾರಿ ಅವರಿಗೆ ಸಿಗುವುದು ಹೆಚ್ಚಾಗಿ ಉರಿಬಿಸಿಲಿನಲ್ಲೇ. ನಾವು ಹಾಗಲ್ಲ. ಪ್ರತಿ ಬೆಟ್ಟವನ್ನೂ ಅದರ ಒಳ್ಳೆಯ ಕಾಲದಲ್ಲೇ ಹೋಗಿ ನೋಡಬಹುದು. ಕ್ರಮ ತಪ್ಪಿದರೂ ಅಡ್ಡಿಯಿಲ್ಲ. ಈ ವರ್ಷ ವರ್ಜೀನಿಯಾ, ಮುಂದಿನ ವರ್ಷ ಮೇನ್, ಆಮೇಲೆ ಮತ್ತೆ ಟೆನೆಸಿ. ಎಲ್ಲಿ ಬಿಟ್ಟೆವು ಎಂಬುದನ್ನು ಬರೆದಿಟ್ಟುಕೊಂಡರೆ ಆಯಿತು. ನಕ್ಷೆಯ ಮೇಲಿನ ಗೆರೆಯನ್ನು ಒಂದು ತುದಿಯಿಂದ ಅಳಿಸುತ್ತಾ ಹೋಗಬೇಕೆಂಬ ಹಟ ಇರುವವರು ಈ ಸುಖ ಕಳೆದುಕೊಳ್ಳುತ್ತಾರೆ.

"ಹಂಗಾದ್ರೆ ಏಪ್ರಿಲ್ ಹಿಡೀರಿ. ಊರಿಂದ ಅಪ್ಪ-ಅಮ್ಮ ಬರೋದು ಆವಾಗ" ಅಂದ.

ಏಪ್ರಿಲ್ ಎಂದರೆ ಮನೆಯ ಹತ್ತಿರದ ತುಂಡು. ನ್ಯೂಜೆರ್ಸಿಯಲ್ಲಿ 72 ಮೈಲಿ ಇದೆ, ಡೆಲವೇರ್ ವಾಟರ್ ಗ್ಯಾಪ್‌ನಿಂದ ಸನ್‌ಫಿಶ್ ಪಾಂಡ್ ಮೇಲೆ ಹಾದು ಹೈ ಪಾಯಿಂಟ್ ಕಡೆಗೆ. ವರ್ನನ್ ಹತ್ತಿರದ ಪೋಚಕ್ ಜೌಗಿನಲ್ಲಿ ಹಲಗೆ ಹಾಸಿದ ದಾರಿ ಇದೆ. ಹಿರಿಯರೂ ನಿಧಾನವಾಗಿ ನಡೆಯಬಹುದು. ಹಕ್ಕಿಗಳು ಬರುವ ಕಾಲ, ಮರಕ್ಕೆ ಎಲೆ ಇನ್ನೂ ತುಂಬದ ಕಾಲ, ದೂರದವರೆಗೆ ಕಣ್ಣು ಹಾಯುತ್ತದೆ. ಜಾರ್ಜಿಯಾಕ್ಕೆ ಮಾತ್ರ ಮಾರ್ಚ್, ಏಪ್ರಿಲ್‌ನಲ್ಲಿ ಹೋಗಬೇಡ ಎಂದೆ. ಉತ್ತರಕ್ಕೆ ಹೊರಟವರೆಲ್ಲ ಆಗಲೇ ಅಲ್ಲಿ ಇರುತ್ತಾರೆ. ಮಲಗಲು ಕಟ್ಟಿರುವ ಶೆಲ್ಟರ್‌ಗಳಲ್ಲಿ ಕಾಲಿಡಲು ಜಾಗವಿರುವುದಿಲ್ಲ, ಗುಂಪಿನಲ್ಲಿ ಹೊಟ್ಟೆನೋವು-ವಾಂತಿಯ ಕಾಯಿಲೆಗಳೂ ಹರಡುತ್ತವೆ. ಬ್ಲಡ್ ಮೌಂಟನ್ ಬಳಿಯ ತುಂಡಿನಲ್ಲಿ ರಾತ್ರಿ ತಂಗುವುದಾದರೆ ಮಾರ್ಚ್‌ನಿಂದ ಮೇ ಕೊನೆಯವರೆಗೆ ಕರಡಿಗೆ ತೆರೆಯಲಾಗದ ಗಟ್ಟಿ ಡಬ್ಬಿಯಲ್ಲೇ ಊಟ ಒಯ್ಯಬೇಕೆಂಬ ನಿಯಮವೂ ಇದೆ. ಅದೇ ಜಾರ್ಜಿಯಾಕ್ಕೆ ಅಕ್ಟೋಬರ್ ಕೊನೆಗೋ ನವೆಂಬರ್ ಮೊದಲಿಗೋ ಹೋದರೆ ಬೆಟ್ಟವೆಲ್ಲ ನಿನ್ನದೇ.

ಮೇ ತಿಂಗಳ ಮಾತು ಬಂದರೆ ನನ್ನ ಬೆರಳು ವರ್ಜೀನಿಯಾದ ಮೇಲೆ ಹೋಗುತ್ತದೆ. ಟ್ರೇಲ್‌ನ ಕಾಲು ಭಾಗ, 550 ಮೈಲಿಯಷ್ಟು, ಆ ಒಂದೇ ರಾಜ್ಯದಲ್ಲಿದೆ. ಮೇ ಮೊದಲ ವಾರದಲ್ಲಿ ಲಿಂಡೆನ್ ಊರಿನ ಪಕ್ಕದ ಥಾಂಪ್ಸನ್ ವನ್ಯಜೀವಿ ಪ್ರದೇಶದಲ್ಲಿ ಟ್ರಿಲಿಯಂ ಹೂವು ಅರಳಿರುತ್ತದೆ. ಮೂರೇ ಎಸಳಿನ ಬಿಳಿ ಹೂ, ದಿನ ಕಳೆದಂತೆ ನಸುಗೆಂಪಾಗುತ್ತದೆ. ದಾರಿಯ ಎರಡೂ ಬದಿ, ಇಳಿಜಾರಿನ ಕೊನೆಯವರೆಗೆ ಅದೇ. ಮೇಲಿನ ಮರಗಳು ಎಲೆ ಬಿಟ್ಟು ಬಿಸಿಲು ಮುಚ್ಚುವ ಮೊದಲು ನೆಲದ ಗಿಡಗಳು ಅವಸರವಾಗಿ ಹೂಬಿಟ್ಟು ಮುಗಿಸಬೇಕು. ಆದ್ದರಿಂದ ಈ ಹಬ್ಬಕ್ಕೆ ಇರುವುದು ಎರಡು ಮೂರು ವಾರ ಮಾತ್ರ. ಜೂನ್‌ನಲ್ಲಿ ಹೋದವರಿಗೆ ಅಲ್ಲಿ ಹಸಿರು ಸುರಂಗ ಬಿಟ್ಟು ಇನ್ನೇನೂ ಕಾಣದು. ಅಲ್ಲಿಂದ ಕೆಳಗೆ ಶೆನಂಡೋವಾ ರಾಷ್ಟ್ರೀಯ ಉದ್ಯಾನದಲ್ಲಿ ನೂರು ಮೈಲಿಯಷ್ಟು ಟ್ರೇಲ್ ಸ್ಕೈಲೈನ್ ಡ್ರೈವ್ ರಸ್ತೆಯ ಜೊತೆಜೊತೆಗೇ ಸಾಗುತ್ತದೆ. ಹಲವು ಕಡೆ ರಸ್ತೆ ದಾಟುತ್ತದೆ. ಮೊದಲ ಸಲ ಚೀಲ ಹೊರುವವರಿಗೆ ಅದಕ್ಕಿಂತ ಒಳ್ಳೆಯ ಜಾಗ ಇಲ್ಲ. ಸುಸ್ತಾದರೆ ರಸ್ತೆಗೆ ಬರಬಹುದು, ಅಪ್ಪ-ಅಮ್ಮನನ್ನು ಕಾರಿನಲ್ಲಿ ಮುಂದಿನ ತಿರುವಿಗೆ ಕಳಿಸಿ ನೀನು ನಡೆದು ಸೇರಿಕೊಳ್ಳಬಹುದು.

ಮೇ ತಿಂಗಳ ಜೊತೆ ಒಂದು ಎಚ್ಚರಿಕೆಯೂ ಬರುತ್ತದೆ. ನಾನು ಮಲೆನಾಡಿನವಳು. ಊರಲ್ಲಿ ಮಳೆಗಾಲಕ್ಕೆ ಇಂಬಳ, ಬೇಸಿಗೆಗೆ ಉಣುಗು. ಇಂಬಳ ಹಿಡಿದರೆ ಒಂದಿಷ್ಟು ರಕ್ತ ಹೋಗುತ್ತದೆ, ಅಷ್ಟೆ. ಉಣುಗು ಹಾಗಲ್ಲ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸತ್ತು ಬಿದ್ದು, ಮನುಷ್ಯರಿಗೂ ಜ್ವರ ಬಂದು, ಮಂಗನ ಕಾಯಿಲೆ ಎಂಬ ಹೆಸರು ಹುಟ್ಟಿದ್ದು ಉಣುಗಿನಿಂದಲೇ. ಡಿಸೆಂಬರ್‌ನಿಂದ ಮೇವರೆಗೆ ನಮ್ಮ ಕಡೆ ಅದರ ಕಾಲ. ದರಗೆಲೆ ತರಲು ಕಾಡಿಗೆ ಹೋಗುವವರು ಆರೋಗ್ಯ ಇಲಾಖೆ ಕೊಡುವ ಡೆಪಾ ಎಣ್ಣೆ ಹಚ್ಚಿಕೊಂಡು ಹೋಗುತ್ತಾರೆ. ಇಲ್ಲಿಯ ಉಣುಗಿನ ಜಾತಿ ಬೇರೆ, ತರುವ ಕಾಯಿಲೆಯೂ ಬೇರೆ. ಕನೆಕ್ಟಿಕಟ್‌ನ ಲೈಮ್ ಎಂಬ ಊರಿನ ಹೆಸರು ಹೊತ್ತ ಲೈಮ್ ಕಾಯಿಲೆ. ಅದನ್ನು ಹೆಚ್ಚಾಗಿ ಅಂಟಿಸುವುದು ಉಣುಗಿನ ಮರಿ, ಗಸಗಸೆ ಕಾಳಿನಷ್ಟು ಗಾತ್ರದ್ದು, ಮೇ ತಿಂಗಳಿಂದ ಜುಲೈವರೆಗೆ ಹುಲ್ಲಿನ ತುದಿಯಲ್ಲಿ ಕಾದಿರುತ್ತದೆ. ವರ್ಜೀನಿಯಾದಿಂದ ಮ್ಯಾಸಚೂಸೆಟ್ಸ್‌ವರೆಗೆ ಇದರ ಕಾಟ ಜಾಸ್ತಿ. ಪರ್ಮೆಥ್ರಿನ್ ಸಿಂಪಡಿಸಿದ ಬಟ್ಟೆ ಹಾಕು, ಪ್ಯಾಂಟಿನ ತುದಿಯನ್ನು ಕಾಲುಚೀಲದೊಳಗೆ ಸೇರಿಸು, ಸಂಜೆ ಮೈಯೆಲ್ಲ ಹುಡುಕು, ಮಂಡಿಯ ಹಿಂದೆ, ಕಂಕುಳಲ್ಲಿ, ಕೂದಲಲ್ಲಿ. ನಮ್ಮ ಕಡೆಯವರಿಗೆ ಇದನ್ನು ಎರಡು ಸಲ ಹೇಳಬೇಕಾಗಿಲ್ಲ. ಬಯಲುಸೀಮೆಯ ಹುಡುಗ, ಅವನಿಗೆ ಎರಡು ಸಲ ಹೇಳಿದೆ.

ಜೂನ್ ಬಂತೆಂದರೆ ಉತ್ತರಕ್ಕೆ ಹೋಗುವ ಆಸೆ ಎಲ್ಲರಿಗೂ ಹುಟ್ಟುತ್ತದೆ. ಹೋಗಬಾರದು. ಹರಿಯುವ ತಿಳಿನೀರಿನಲ್ಲಿ ಹುಟ್ಟುವ ಕಪ್ಪುನೊಣ ಮೇನ್, ನ್ಯೂ ಹ್ಯಾಂಪ್‌ಶೈರ್ ಕಾಡುಗಳನ್ನು ಆ ತಿಂಗಳು ಆಳುತ್ತದೆ. ಅಮ್ಮಂದಿರ ದಿನದಿಂದ ಅಪ್ಪಂದಿರ ದಿನದವರೆಗೆ ಅದರ ರಾಜ್ಯ ಎಂದು ಅಲ್ಲಿಯವರು ಹೇಳುತ್ತಾರೆ. ಎತ್ತರದ ಜಾಗಗಳಲ್ಲಿ ಇನ್ನೂ ಸ್ವಲ್ಪ ದಿನ ಉಳಿಯುತ್ತದೆ. ಕಣ್ಣು, ಕಿವಿ, ಕುತ್ತಿಗೆ ಒಂದನ್ನೂ ಬಿಡುವುದಿಲ್ಲ. ಜೂನ್‌ನಲ್ಲಿ ನೋಡಬೇಕಾದದ್ದು ಟೆನೆಸಿ, ಉತ್ತರ ಕೆರೊಲಿನಾಗಳ ಗಡಿಯಲ್ಲಿರುವ ರೋನ್ ಬೆಟ್ಟ. ಆರು ಸಾವಿರ ಅಡಿಯ ಮೇಲೆ ರೋಡೋಡೆಂಡ್ರಾನ್ ಪೊದೆಗಳು ತಿಂಗಳ ನಡುವಿನಿಂದಾಚೆ ನೇರಳೆ-ಗುಲಾಬಿ ಬಣ್ಣಕ್ಕೆ ತಿರುಗುತ್ತವೆ. ಕಾರ್ವರ್ಸ್ ಗ್ಯಾಪ್‌ನಿಂದ ಪೂರ್ವಕ್ಕೆ ನಡೆದರೆ ಮರವಿಲ್ಲದ ಹುಲ್ಲುಗುಡ್ಡಗಳು, ನಮ್ಮ ಕುದುರೆಮುಖದ ನೆತ್ತಿಯ ಹಾಗೆ ಒಂದರ ಬೆನ್ನಿಗೆ ಒಂದು. ಕೆಳಗಿನ ಪಟ್ಟಣಗಳು ಬೇಯುತ್ತಿರುವಾಗ ಅಲ್ಲಿ ಸ್ವೆಟರ್ ಬೇಕು. ವರ್ಜೀನಿಯಾದ ಗ್ರೇಸನ್ ಹೈಲ್ಯಾಂಡ್ಸ್‌ನಲ್ಲಿಯೂ ಅದೇ ಹೂವು, ಜೊತೆಗೆ ಬಿಟ್ಟು ಮೇಯುವ ಗಿಡ್ಡ ಕುದುರೆಗಳು. ಅವಕ್ಕೆ ತಿನ್ನಲು ಏನೂ ಕೊಡಬಾರದು, ಅವು ಕೇಳಿದರೂ ಸರಿ.

"ಜುಲೈ, ಆಗಸ್ಟ್? ಹುಡುಗ್ರಿಗೆ ಸಾಲಿ ರಜಾ ಇರೋದೇ ಆವಾಗ. ನನ್ನ ಮಗಳು ಇನ್ನ ನಾಲ್ಕು ವರ್ಷಕ್ಕೆ ಸಾಲಿಗೆ ಹೋಗ್ತಾಳೆ" ಎಂದು ಮುಂದಿನದನ್ನೂ ಯೋಚಿಸಿ ಕೇಳಿದ.

ಪೆನ್ಸಿಲ್ವೇನಿಯಾ ಹತ್ತಿರವಿದೆ ಎಂಬ ಒಂದೇ ಕಾರಣಕ್ಕೆ ಆ ಎರಡು ತಿಂಗಳಲ್ಲಿ ಜನ ಅಲ್ಲಿಗೆ ಹೋಗುತ್ತಾರೆ. ಉತ್ತರ ಪೆನ್ಸಿಲ್ವೇನಿಯಾದಲ್ಲಿ ನೆಲ ಎಂಬುದಿಲ್ಲ, ಚೂಪುಗಲ್ಲಿನ ಮೇಲೆಯೇ ಕಾಲಿಡಬೇಕು. ಬೆನ್ನಮೇಲಿನ ದಾರಿಯಾದ್ದರಿಂದ ಬೇಸಿಗೆಯ ಕೊನೆಗೆ ಒರತೆಗಳು ಬತ್ತುತ್ತವೆ. ಲೀಹೈ ಗ್ಯಾಪ್‌ನ ಏರಿನಲ್ಲಿ ನೆರಳೂ ಇಲ್ಲ. ಪಾಮರ್ಟನ್‌ನ ಸತುವಿನ ಕಾರ್ಖಾನೆಗಳ ಹೊಗೆ ದಶಕಗಟ್ಟಲೆ ಬಡಿದು ಆ ಬೆಟ್ಟದ ಕಾಡನ್ನೇ ಕೊಂದಿತು, ಈಗ ಹುಲ್ಲು ಬಿತ್ತಿ ಮೆಲ್ಲಗೆ ಹಸಿರು ಮಾಡುತ್ತಿದ್ದಾರೆ. ಬಿಸಿಗಲ್ಲಿನ ಮೇಲೆ ಮೈಕಾಯಿಸುವ ಟಿಂಬರ್ ರ‍್ಯಾಟಲ್ ಹಾವುಗಳಿಗೂ ಅದು ಪ್ರಿಯವಾದ ಕಾಲ. ಶಾಲೆಯ ರಜೆಯಲ್ಲೇ ಹೋಗಬೇಕೆಂದರೆ ಜುಲೈ ನಡುವಿನ ನಂತರ ನ್ಯೂ ಹ್ಯಾಂಪ್‌ಶೈರಿನ ವೈಟ್ ಮೌಂಟನ್ಸ್‌ಗೆ ಹೋಗಬೇಕು. ಅಪಲಾಚಿಯನ್ ಮೌಂಟನ್ ಕ್ಲಬ್‌ನವರ ಹಟ್‌ಗಳಲ್ಲಿ ಹಾಸಿಗೆ, ರಾತ್ರಿಯೂಟ, ಬೆಳಗಿನ ತಿಂಡಿ ಸಿಗುತ್ತವೆ. ಮೊದಲೇ ಹೇಳಿದ್ದರೆ ಸಸ್ಯಾಹಾರ ಮಾಡಿಕೊಡುತ್ತಾರೆ. ದುಬಾರಿ, ತಿಂಗಳುಗಟ್ಟಲೆ ಮುಂಚೆ ಕಾದಿರಿಸಬೇಕು, ಆದರೆ ಮಕ್ಕಳಿರುವವರಿಗೆ ಆ ಹಣ ದಂಡವಲ್ಲ.

ಅಲ್ಲಿಗೆ ಹೋಗುವವರಿಗೆ ಹೇಳಲೇಬೇಕಾದ ಮಾತು ಚಳಿಮಳೆಯದು. ಆಗುಂಬೆ ಕಡೆಯಲ್ಲಿ ಹುಟ್ಟಿದವರಿಗೆ ಮಳೆಯ ಭಯ ಇರುವುದಿಲ್ಲ. ಎಷ್ಟು ನೆನೆದರೂ ಮನೆಗೆ ಬಂದು ಬಚ್ಚಲೊಲೆಯ ಮುಂದೆ ಕೂತರೆ ಮುಗಿಯಿತು. ಆ ಧೈರ್ಯವನ್ನು ಇಲ್ಲಿ ಬಿಡಬೇಕು. ಟ್ರೇಲ್ ಹಾದುಹೋಗುವ ಮೌಂಟ್ ವಾಷಿಂಗ್ಟನ್ ಎತ್ತರ 6,288 ಅಡಿ ಮಾತ್ರ. ಆದರೆ 1934ರ ಏಪ್ರಿಲ್ 12ರಂದು ಅಲ್ಲಿ ಗಾಳಿ ಗಂಟೆಗೆ 231 ಮೈಲಿ ವೇಗದಲ್ಲಿ ಬೀಸಿತ್ತು. ವರ್ಷದ ಯಾವ ತಿಂಗಳಲ್ಲಾದರೂ ಹಿಮ ಬೀಳಬಹುದು. ಕೆಳಗೆ ಅರ್ಧ ತೋಳಿನ ಅಂಗಿಯ ಬಿಸಿಲಿರುವ ಆಗಸ್ಟ್ ದಿನವೇ ಮೇಲೆ ಮಂಜು ಮುಚ್ಚಿ, ಮಳೆ ಹೊಯ್ದು, ಗಾಳಿ ಎದ್ದರೆ ಒದ್ದೆ ಮೈಯ ಕಾವು ಗಂಟೆಯೊಳಗೆ ಸೋರಿಹೋಗುತ್ತದೆ. ಕೊರೆಯುವ ಚಳಿಯೇ ಬೇಕಿಲ್ಲ, ನಾಲ್ವತ್ತೈವತ್ತು ಡಿಗ್ರಿ ಫ್ಯಾರನ್‌ಹೀಟ್ ಸಾಕು. ಮಾತು ತೊದಲತೊಡಗಿದರೆ, ಗುಂಡಿ ಹಾಕಲು ಬೆರಳು ಬಗ್ಗದಿದ್ದರೆ, ಆ ಕ್ಷಣ ತಿರುಗಬೇಕು. ಹತ್ತಿಬಟ್ಟೆ ಮನೆಯಲ್ಲಿರಲಿ. ಉಣ್ಣೆಯದೋ ಬೇಗ ಒಣಗುವ ನೂಲಿನದೋ ಒಂದು ಜೊತೆ ಬಟ್ಟೆ ಪ್ಲಾಸ್ಟಿಕ್ಕಿನಲ್ಲಿ ಸುತ್ತಿಟ್ಟದ್ದು ಚೀಲದ ತಳದಲ್ಲಿ ಯಾವಾಗಲೂ ಇರಬೇಕು.

ನನಗೆ ಒಂದೇ ತಿಂಗಳು ಕೊಡುತ್ತೇವೆಂದರೆ ಸೆಪ್ಟೆಂಬರ್ ತೆಗೆದುಕೊಳ್ಳುತ್ತೇನೆ. ನೊಣ ಹೋಗಿರುತ್ತದೆ, ಸೊಳ್ಳೆ ಕಡಿಮೆಯಾಗಿರುತ್ತದೆ, ಶಾಲೆ ಶುರುವಾಗಿ ಗದ್ದಲ ಇಳಿದಿರುತ್ತದೆ, ಗಾಳಿಯಲ್ಲಿನ ಬೆವರು ಆರಿರುತ್ತದೆ. ಮೇನ್‌ಗೆ ಇದೇ ಕಾಲ. ಹಂಡ್ರೆಡ್ ಮೈಲ್ ವಿಲ್ಡರ್‌ನೆಸ್‌ನ ತೊರೆಗಳನ್ನು ದಾಟಬಹುದಾದಷ್ಟು ನೀರು ಇಳಿದಿರುತ್ತದೆ. ತಿಂಗಳ ಕೊನೆಗೆ ಬರ್ಚ್, ಮೇಪಲ್ ಮರಗಳು ಬಣ್ಣ ತಿರುಗುತ್ತವೆ. ಕಟಾಡಿನ್ ಇರುವ ಬ್ಯಾಕ್ಸ್‌ಟರ್ ಸ್ಟೇಟ್ ಪಾರ್ಕಿನಲ್ಲಿ ಅಕ್ಟೋಬರ್ 15ಕ್ಕೆ ಕ್ಯಾಂಪಿಂಗ್ ಮುಗಿಯುತ್ತದೆ. ಅದಕ್ಕೂ ಮೊದಲೇ ಹಿಮ ಬಿದ್ದು ಶಿಖರದ ದಾರಿ ಮುಚ್ಚುವುದುಂಟು. ಕೊನೆಯ ದಿನದವರೆಗೆ ಕಾಯುವುದು ಜಾಣತನವಲ್ಲ. ಅಷ್ಟು ದೂರ ಹೋಗಲಾಗದಿದ್ದರೆ ಮೊದಲು ಬೇಡವೆಂದ ಪೆನ್ಸಿಲ್ವೇನಿಯಾಕ್ಕೆ ಈಗ ಹೋಗು ಎಂದೆ. ಟ್ರೇಲ್ ಸಾಗುವ ಕಿಟಟಿನ್ನಿ ಬೆಟ್ಟಸಾಲಿನ ಮೇಲೆ ಹಾಕ್ ಮೌಂಟನ್ ಇದೆ. ಹಿಂದೆ ಅಲ್ಲಿ ಜನ ಸಾಲಾಗಿ ನಿಂತು ಗಿಡುಗಗಳನ್ನು ಗುಂಡಿಟ್ಟು ಕೊಲ್ಲುತ್ತಿದ್ದರು. 1934ರಲ್ಲಿ ರೋಸಲಿ ಎಡ್ಜ್ ಎಂಬ ದಿಟ್ಟೆ ಆ ಬೆಟ್ಟವನ್ನೇ ಗುತ್ತಿಗೆಗೆ ಹಿಡಿದು, ಕಾವಲು ಹಾಕಿ, ಬೇಟೆ ನಿಲ್ಲಿಸಿದಳು. ಸೆಪ್ಟೆಂಬರ್ ನಡುವಿನಲ್ಲಿ ಅಗಲರೆಕ್ಕೆಯ ಗಿಡುಗಗಳು ಬಿಸಿಗಾಳಿಯ ಮೇಲೆ ಸುತ್ತುತ್ತಾ ಸುತ್ತುತ್ತಾ ನೂರಾರು ಸಂಖ್ಯೆಯಲ್ಲಿ ದಕ್ಷಿಣಕ್ಕೆ ತೇಲಿಹೋಗುತ್ತವೆ. ನೀರು ಮಾತ್ರ ಹೊತ್ತುಕೊಂಡೇ ಹೋಗಬೇಕು. ದಕ್ಷಿಣದ ರಾಜ್ಯಗಳಿಗೆ ಹೊರಡುವುದಾದರೆ ಈ ತಿಂಗಳು ಚಂಡಮಾರುತದ ಸುದ್ದಿ ನೋಡಿಕೊಳ್ಳಬೇಕು. 2024ರ ಸೆಪ್ಟೆಂಬರ್ ಕೊನೆಯಲ್ಲಿ ಹೆಲೀನ್ ಬಂದು ಉತ್ತರ ಕೆರೊಲಿನಾ, ಟೆನೆಸಿ, ವರ್ಜೀನಿಯಾಗಳಲ್ಲಿ ಸಾವಿರಾರು ಮರ ಉರುಳಿಸಿ, ಊರುಗಳನ್ನೇ ಕೊಚ್ಚಿಕೊಂಡು ಹೋಯಿತು.

ಅಕ್ಟೋಬರ್‌ನ ಬಣ್ಣ ಉತ್ತರದಿಂದ ದಕ್ಷಿಣಕ್ಕೆ ಇಳಿಯುತ್ತದೆ. ಮೊದಲ ವಾರ ವರ್ಮಾಂಟ್, ನಡುವಿನಿಂದಾಚೆ ಶೆನಂಡೋವಾ, ಕೊನೆಗೆ ಜಾರ್ಜಿಯಾ. ಶನಿವಾರ, ಭಾನುವಾರ ಸ್ಕೈಲೈನ್ ಡ್ರೈವ್ ಮೇಲೆ ಕಾರುಗಳ ಸಾಲು ನಿಂತಲ್ಲೇ ನಿಂತಿರುತ್ತದೆ. ವಾರದ ನಡುವೆ ಹೋದರೆ ಕಾಲಿಗೆ ಎಲೆ, ಕಿವಿಗೆ ಎಲೆ. ನವೆಂಬರ್ ಎಂದರೆ ಜಿಂಕೆ ಬೇಟೆಯ ಕಾಲ. ಹೊಳೆಯುವ ಕಿತ್ತಳೆ ಬಣ್ಣದ ಟೋಪಿ, ಮೇಲಂಗಿ ಇಲ್ಲದೆ ಯಾರೂ ಕಾಡಿಗೆ ಕಾಲಿಡಬಾರದು. ಡಿಸೆಂಬರ್, ಜನವರಿಯಲ್ಲಿ ನಮ್ಮ ಕಡೆ ಒಂಬತ್ತೂವರೆ ಗಂಟೆಯಷ್ಟೇ ಬೆಳಕು. ಆಗ ಹ್ಯಾರಿಮನ್, ಬೇರ್ ಮೌಂಟನ್ ಕಡೆ ಬೆಳಿಗ್ಗೆ ಹೋಗಿ ಸಂಜೆ ಮನೆ ಸೇರುವ ತುಂಡುಗಳು ಸಾಕು. ಟ್ರೇಲ್‌ನ ಮೊದಲ ಮೈಲಿಗಳು ತೆರೆದದ್ದು 1923ರಲ್ಲಿ ಅಲ್ಲಿಯೇ. ಎಲೆ ಉದುರಿದ ಕಾಡಿನಲ್ಲಿ ಹಡ್ಸನ್ ನದಿ ಉದ್ದಕ್ಕೂ ಕಾಣುತ್ತದೆ. ಫ್ಲಾಸ್ಕಿನಲ್ಲಿ ಬಿಸಿನೀರು, ಡಬ್ಬಿಯಲ್ಲಿ ಗೊಜ್ಜವಲಕ್ಕಿ ಇದ್ದರೆ ಒಲೆ ಹೊರುವ ಗೋಜೂ ಇಲ್ಲ.

ಇಷ್ಟೆಲ್ಲ ಕೇಳಿದ ಮೇಲೆ ಹುಡುಗ, ಮುಂದಿನ ಏಪ್ರಿಲ್‌ನಲ್ಲಿ ಗೆಳೆಯರು ವರ್ಮಾಂಟ್‌ಗೆ ಕರೆದಿದ್ದಾರೆ, ಹೋಗಲೇ ಎಂದ. ಬೇಡ ಎಂದೆ, ಓದುವವರಿಗೂ ಅದನ್ನೇ ಹೇಳುತ್ತೇನೆ. ಹಿಮ ಕರಗಿದ ನೀರು ಕೆಳಗಿನ ಹೆಪ್ಪುಗಟ್ಟಿದ ಮಣ್ಣಿನೊಳಗೆ ಇಳಿಯಲಾಗದೆ ದಾರಿಯ ಮೇಲೆಯೇ ಕೆಸರಾಗಿ ನಿಲ್ಲುತ್ತದೆ. ಒಂದೊಂದು ಬೂಟೂ ಅಲ್ಲಿ ಗುಂಡಿ ತೋಡುತ್ತದೆ. ಕೆಸರು ತಪ್ಪಿಸಲು ಬದಿಗೆ ಸರಿದರೆ ಸಣ್ಣ ಗಿಡಗಳು ಸಾಯುತ್ತವೆ, ದಾರಿ ಅಗಲವಾಗಿ ಮಳೆಗೆ ಕೊಚ್ಚಿಹೋಗುತ್ತದೆ. ಮೇ ಕೊನೆಯ ಮೆಮೋರಿಯಲ್ ಡೇವರೆಗೆ ಎತ್ತರದ ದಾರಿಗಳಿಗೆ ಬರಬೇಡಿ ಎಂದು ಅಲ್ಲಿಯ ಗ್ರೀನ್ ಮೌಂಟನ್ ಕ್ಲಬ್ ಪ್ರತಿ ವರ್ಷ ಕೇಳಿಕೊಳ್ಳುತ್ತದೆ. ಆ ದಾರಿಯನ್ನು ಸರಿಪಡಿಸುವವರು ಸಂಬಳವಿಲ್ಲದೆ ಶನಿವಾರ-ಭಾನುವಾರ ಗುದ್ದಲಿ ಹಿಡಿಯುವ ಸ್ವಯಂಸೇವಕರು. ಜೂನ್ ಕೊನೆಯವರೆಗೆ ಕಾಯಿರಿ, ವರ್ಮಾಂಟ್ ಎಲ್ಲಿಗೂ ಹೋಗುವುದಿಲ್ಲ. ಏಪ್ರಿಲ್‌ನಲ್ಲಿ ಕಾಲು ಸುಮ್ಮನಿರದಿದ್ದರೆ ನಮ್ಮ ಪೋಚಕ್ ಹಲಗೆದಾರಿಗೆ ಬನ್ನಿ.